ದಂಡಿನ ವಾದ್ಯ

ವಿದ್ವತ್ಸಭೆಯು ಒಂದು ವಾದ್ಯಕ್ಕೆ ಮನ್ನಣೆಯಿತ್ತ ದಿನವನ್ನು ನಾವು ನೆನಪಿಡುತ್ತೇವೆ. ಅದುವರೆಗೆ ಅದರ ಉಸಿರನ್ನು ಕಾಪಾಡಿದವರನ್ನು ಮರೆಯುತ್ತೇವೆ. ಫ್ರಾನ್ಸಿನ ಸ್ಯಾಕ್ಸೊಫೋನ್ ವಾದಕ ಮಾರ್ಸೆಲ್ ಮ್ಯೂಲನ ಜೀವನವನ್ನು ಈ ದೃಷ್ಟಿಯಿಂದ ನೋಡಬೇಕಾಗಿದೆ.

ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸನು ಪ್ಯಾರಿಸ್ಸಿನಲ್ಲಿ ಈ ವಾದ್ಯಕ್ಕೆ ಹಕ್ಕುಪತ್ರ ಪಡೆದದ್ದು 1846ರಲ್ಲಿ. ಒಡಲು ಹಿತ್ತಾಳೆಯದಾದರೂ ನಾದ ಹುಟ್ಟುವುದು ಕ್ಲಾರಿನೆಟ್ಟಿನಲ್ಲಿರುವಂತೆ ಜೊಂಡಿನ ಒಂದು ಸೀಳಿನಿಂದ. ಸಿಂಫನಿ ವೃಂದಗಳು ಈ ಸಂಕರ ಶಿಶುವಿಗೆ ಕಾಯಂ ಪೀಠ ಕೊಡಲಿಲ್ಲ. ಕೈಹಿಡಿದದ್ದು ದಂಡು, ಬಯಲಿನಲ್ಲಿ ದೂರಕ್ಕೆ ಕೇಳುವ ದನಿ ಅದಕ್ಕೆ ಬೇಕಿತ್ತು. ಸೇನೆಯ ವಾದಕರಿಗಾಗಿ 1857ರಲ್ಲಿ ಪ್ಯಾರಿಸ್ ಸಂಗೀತ ವಿದ್ಯಾಲಯದಲ್ಲಿ ತೆರೆದ ತರಗತಿ 1870ರ ಯುದ್ಧದೊಡನೆ ಮುಚ್ಚಿಹೋಯಿತು. ಮತ್ತೆ ಅಲ್ಲಿ ಸ್ಯಾಕ್ಸೊಫೋನಿಗೆ ಅಧ್ಯಾಪಕ ಪೀಠ ದೊರೆತದ್ದು 1942ರಲ್ಲಿ. ಪೀಠವನ್ನೇರಿದವನು ಮ್ಯೂಲ್.

ಈ ನಡುವಣ ಎಪ್ಪತ್ತೆರಡು ವರ್ಷ ವಿದ್ಯೆ ಉಳಿದದ್ದೆಲ್ಲಿ? ಉತ್ತರ ಮ್ಯೂಲನ ಮನೆಯಲ್ಲಿಯೇ ಇದೆ. ಅವನು 1901ರಲ್ಲಿ ನಾರ್ಮಂಡಿಯಲ್ಲಿ ಹುಟ್ಟಿದವನು. ತಂದೆ ಸೈನ್ಯದಲ್ಲಿದ್ದಾಗ ಕಲಿತುಬಂದ ವಾದನವನ್ನು ಮಗನಿಗೆ ಹೇಳಿಕೊಟ್ಟನು. ಊರಿನ ಬ್ಯಾಂಡಿನ ನಿರ್ದೇಶಕನೂ ಅವನೇ. ಮಗ ಶಾಲೆಯ ಉಪಾಧ್ಯಾಯನಾಗಲು ತರಬೇತಿ ಪಡೆದನು. (ನಮ್ಮ ವೃತ್ತಿಗಾದ ಈ ನಷ್ಟಕ್ಕೆ ನಾವು ದುಃಖಿಸಬೇಕಾಗಿಲ್ಲ.) 1923ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಸೇನಾವಾದ್ಯವೃಂದವಾದ ಗಾರ್ಡ್ ರಿಪಬ್ಲಿಕೇನನ್ನು ಸೇರಿದನು.

ಸಿಂಫನಿ ಕೃತಿಗಳನ್ನು ಊದುವಾದ್ಯಗಳಿಗೆ ಅಳವಡಿಸಿ ನುಡಿಸುವುದು ಆ ವೃಂದದ ಪರಿಪಾಠ. ಸಮವಸ್ತ್ರದಲ್ಲಿ ಕುಳಿತೇ ಮಹಾಕೃತಿಗಳ ಪರಿಚಯ! ರಾತ್ರಿಯ ನೃತ್ಯಶಾಲೆಗಳಲ್ಲಿ ಜಾಝ್ ನುಡಿಸಿ ಕಲಿತ ಸ್ವರಕಂಪನವನ್ನು ಮ್ಯೂಲನು ಶಾಸ್ತ್ರೀಯ ವಾದನಕ್ಕೆ ತಂದನು. ಮಡಿವಂತಿಕೆ ಅವನನ್ನು ಕಾಡಿದಂತಿಲ್ಲ. 1928ರಲ್ಲಿ ಅದೇ ವೃಂದದ ವಾದಕರನ್ನು ಕೂಡಿಕೊಂಡು ನಾಲ್ವರ ಮೇಳವೊಂದನ್ನು ಕಟ್ಟಿದನು. ರಷ್ಯದ ಹಿರಿಯ ವಾಗ್ಗೇಯಕಾರ ಗ್ಲಾಜುನೊವನು 1932ರಲ್ಲಿ ಈ ಮೇಳಕ್ಕೆಂದೇ ಕೃತಿಯೊಂದನ್ನು ರಚಿಸಿದನು. ಮ್ಯೂಲನು ದಂಡಿನ ವೃಂದವನ್ನು ಬಿಟ್ಟದ್ದು 1936ರಲ್ಲಿ. 1958ರಲ್ಲಿ ಬಾಸ್ಟನ್ ಸಿಂಫನಿಯೊಡನೆ ಅಮೆರಿಕದಲ್ಲಿ ಏಕವಾದಕನಾಗಿ ನುಡಿಸಿದನು. 1968ರವರೆಗೆ ಪಾಠ ಹೇಳಿ, ನೂರು ತುಂಬಿದ ಮೇಲೆ, 2001ರಲ್ಲಿ ತೀರಿಕೊಂಡನು.

ನಮ್ಮ ನಾಡಿನಲ್ಲಿಯೂ ಈ ವಾದ್ಯದ ಕಥೆ ಬೇರೆಯಲ್ಲ. ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ಅವರು ಕರ್ನಾಟಕ ಸಂಗೀತವನ್ನು ನುಡಿಸಿದಾಗ ನಾವು ಹೆಮ್ಮೆಪಟ್ಟೆವು, ಸರಿಯೇ. ಆದರೆ ಬ್ಯಾಂಡಿನ ಸಾಲಿನಲ್ಲಿ ನಿಂತು ಊದಿದವರ ಬಗೆಗೆ ನಮ್ಮ ಸಂಗೀತ ಚರಿತ್ರೆಗಳಲ್ಲಿ ಎಷ್ಟು ಪುಟಗಳಿವೆ? ಅವರು ನಮಗೆ ಮೆರವಣಿಗೆಯ ಸದ್ದು ಮಾತ್ರ. ದಸರೆಯಲ್ಲಿ ಪೊಲೀಸ್ ವಾದ್ಯವೃಂದ ಇಂದಿಗೂ ನುಡಿಸುತ್ತಿದೆ. ಸಂಶೋಧನೆಗೆ ವಿಷಯವಿಲ್ಲವೆಂದು ಕೊರಗುವ ನಮ್ಮ ವಿದ್ಯಾರ್ಥಿಗಳು ಅಲ್ಲಿಂದ ನಿವೃತ್ತರಾದ ವಾದಕರ ಮನೆಗಳಿಗೆ ಹೋಗಿ, ಅವರು ಯಾರಿಂದ ಏನು ಕಲಿತರೆಂಬುದನ್ನು ಬರೆದುಕೊಂಡು ಬರಲಿ.