ಒಂದೇ ಪೆಟ್ಟಿಗೆಯಲ್ಲಿ ಹಲವು ಹಲ್ಲಿಗಳು

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲವನ್ನು ಹುಡುಕುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅಂಥ ಮನೆಗಳ ಮಕ್ಕಳೇ ಈಗ ದೇಶಾಂತರದ ಹಲ್ಲಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಬಯಸುತ್ತಾರೆ. ಭಯವಿದ್ದ ಎಡೆಯಲ್ಲಿ ಕುತೂಹಲ ಮೂಡಿರುವುದು ಸಂತೋಷದ ಸಂಗತಿಯೇ. ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ: ಬೇರೆ ಬೇರೆ ಜಾತಿಯ ಹಲ್ಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬಹುದೆ? ಇಡಬಾರದೆಂಬುದೇ ನಮ್ಮ ಖಚಿತವಾದ ಅಭಿಪ್ರಾಯ.

ಇಡಬಹುದೆನ್ನುವವರು ಮೊದಲು ತೋರಿಸುವುದು ನಮ್ಮ ಗೋಡೆಗಳನ್ನೇ. ಕುಮಾರ ಪಾರ್ಕಿನ ಯಾವುದಾದರೊಂದು ಹಳೆಯ ಮನೆಯ ಅಂಗಳದಲ್ಲಿ ದೀಪ ಹೊತ್ತಿಸಿದ ಮೇಲೆ ನಿಂತು ನೋಡಿರಿ. ಜಗಲಿಯ ದೀಪದ ಬಳಿ ಮನೆಹಲ್ಲಿ ಹುಳುಗಳಿಗಾಗಿ ಹೊಂಚುಹಾಕಿರುತ್ತದೆ. ಮರದ ಕಾಂಡದ ಮೇಲೆ ತೊಗಟೆಯ ಬಣ್ಣದ, ಅದಕ್ಕಿಂತ ದೊಡ್ಡದಾದ ಮರಹಲ್ಲಿ ಅಂಟಿಕೊಂಡಿರುವುದುಂಟು. 1853ರಲ್ಲಿ ಜರ್ಡನ್ ಎಂಬ ಶಾಸ್ತ್ರಜ್ಞನು ವರ್ಣಿಸಿದ, ಹಗಲಿನಲ್ಲಿ ಸಂಚರಿಸುವ ಮೈಸೂರು ಹಲ್ಲಿಯೆಂಬ ಪುಟ್ಟ ಜಾತಿಯೂ ಬೆಂಗಳೂರಿನ ಪರಿಸರದಲ್ಲಿ ಉಂಟು. ಇವೆಲ್ಲ ಒಂದೇ ಊರಿನಲ್ಲಿ ಬಾಳುತ್ತಿಲ್ಲವೆ ಎಂದು ಅವರ ವಾದ.

ಬಾಳುತ್ತಿರುವುದು ನಿಜ. ಆದರೆ ಅದು ಸ್ನೇಹದಿಂದಲ್ಲ, ದೂರದಿಂದ. ಒಂದಕ್ಕೆ ಹಗಲು, ಇನ್ನೊಂದಕ್ಕೆ ಇರುಳು. ಒಂದಕ್ಕೆ ಗೋಡೆ, ಇನ್ನೊಂದಕ್ಕೆ ಮರ. ಕಾದಾಟದಲ್ಲಿ ಸೋತದ್ದು ಬೇರೊಂದು ಗೋಡೆಗೆ ಓಡಿಹೋಗಬಲ್ಲದು. ಎರಡು ಅಡಿಯ ಪೆಟ್ಟಿಗೆಯಲ್ಲಿ ಅದು ಓಡುವುದೆಲ್ಲಿಗೆ?

ಈ ಪಾಠವನ್ನು ನಾವೂ ವಿದ್ಯಾರ್ಥಿದೆಸೆಯಲ್ಲಿ ತಪ್ಪು ಮಾಡಿಯೇ ಕಲಿತೆವು. ಒಂದು ಮನೆಹಲ್ಲಿಯನ್ನೂ ಒಂದು ಮರಹಲ್ಲಿಯನ್ನೂ ಒಟ್ಟಿಗೆ ಇಟ್ಟಿದ್ದೆವು. ಮೂರನೆಯ ದಿನ ಬೆಳಗ್ಗೆ ನೋಡಿದರೆ ಉಳಿದಿದ್ದುದು ಮರಹಲ್ಲಿ, ಮತ್ತು ಕಳಚಿಬಿದ್ದ ಬಾಲದ ಒಂದು ತುಂಡು. ಮರಹಲ್ಲಿ ತನಗಿಂತ ಚಿಕ್ಕ ಹಲ್ಲಿಗಳನ್ನು ತಿನ್ನುವುದು ಅದರ ಸ್ವಭಾವ. ಅಪರಾಧ ಅದರದಲ್ಲ, ನಮ್ಮದು.

ಒಂದನ್ನೊಂದು ತಿನ್ನದಿದ್ದರೂ ಕೇಡು ತಪ್ಪದು. ನಮ್ಮ ಮನೆಹಲ್ಲಿಯೇ ಹಡಗು ವಿಮಾನಗಳ ಸರಕಿನೊಡನೆ ಪೆಸಿಫಿಕ್ ದ್ವೀಪಗಳಿಗೆ ಹೋಗಿ, ಅಲ್ಲಿ ಮೊದಲೇ ನೆಲೆಸಿದ್ದ ಇನ್ನೊಂದು ಜಾತಿಯನ್ನು ದೀಪದ ಗೋಡೆಗಳಿಂದ ದೂರ ಸರಿಸಿತು. 1990ರ ದಶಕದಲ್ಲಿ ಪೆಟ್ರೆನ್ ಮತ್ತು ಕೇಸ್ ಎಂಬ ವಿಜ್ಞಾನಿಗಳು ಹವಾಯಿಯ ಹಳೆಯ ವಿಮಾನಶಾಲೆಗಳಲ್ಲಿ ಪ್ರಯೋಗ ನಡೆಸಿ ಇದರ ಕಾರಣವನ್ನು ಅರಸಿದರು. ಹುಳುಗಳು ಒಂದೆಡೆ ಮುತ್ತಿದಾಗ ಬಲಿಷ್ಠ ಜಾತಿ ಅವುಗಳಲ್ಲಿ ಹೆಚ್ಚು ಪಾಲನ್ನು ಕಬಳಿಸುತ್ತದೆ, ಇನ್ನೊಂದು ಸೊರಗುತ್ತದೆ. ನಡುವೆ ಮರೆಗಳನ್ನು ನಿಲ್ಲಿಸಿದಾಗ ಸ್ಪರ್ಧೆ ತಗ್ಗಿತೆಂಬುದೂ ಅವರ ಫಲಿತಾಂಶವೇ. ಇದನ್ನು ಓದಿ, ಪೆಟ್ಟಿಗೆಯಲ್ಲೂ ನಾಲ್ಕು ಮರೆಗಳನ್ನಿಟ್ಟರೆ ಸಾಕೆಂದು ಭಾವಿಸಬಾರದು. ವಿಮಾನಶಾಲೆಯ ವಿಸ್ತಾರವೆಲ್ಲಿ, ಮೇಜಿನ ಮೇಲಿನ ಗಾಜೆಲ್ಲಿ!

ಹವೆಯ ವಿಚಾರವನ್ನೂ ನೋಡೋಣ. ಚಿರತೆಯಂತೆ ಚುಕ್ಕೆಗಳುಳ್ಳ ಲೆಪರ್ಡ್ ಗೆಕೊ ಅಫ್ಘಾನಿಸ್ತಾನ, ಪಾಕಿಸ್ತಾನಗಳ ಒಣನೆಲದ ಪ್ರಾಣಿ. ಅದಕ್ಕೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಮೂಲೆ ಬೇಕು. ಕ್ರೆಸ್ಟೆಡ್ ಗೆಕೊ ನ್ಯೂ ಕ್ಯಾಲೆಡೋನಿಯದ ತೇವದ ಕಾಡಿನದು. ಅಳಿದುಹೋಯಿತೆಂದೇ ನಂಬಿದ್ದ ಅದು 1994ರಲ್ಲಿ ಮತ್ತೆ ಕಾಣಸಿಕ್ಕಿತು. ಶಾಖ 28 ಡಿಗ್ರಿ ಮೀರಿ ನಿಂತರೆ ಅದು ಬಳಲುತ್ತದೆ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತ. ಮಧ್ಯಮಾರ್ಗ ಹಿಡಿದರೆ ಎರಡಕ್ಕೂ ಅಹಿತ.

ರೋಗದ ಭಯವೂ ಉಂಟು. ಕರುಳಿನ ಪರೋಪಜೀವಿಗಳು ಮಲದ ಮೂಲಕ ಹರಡುತ್ತವೆ. ಅವುಗಳಲ್ಲಿ ಒಂದಾದ ಕ್ರಿಪ್ಟೊಸ್ಪೊರಿಡಿಯಮ್ ತಗುಲಿದ ಲೆಪರ್ಡ್ ಗೆಕೊ ಬಾಲದ ಕೊಬ್ಬು ಕರಗಿ ಕಡ್ಡಿಯಂತಾಗುತ್ತದೆ. ಹೊರನೋಟಕ್ಕೆ ಆರೋಗ್ಯವಾಗಿರುವ ಹಲ್ಲಿಯಿಂದಲೂ ರೋಗ ದಾಟಬಹುದು.

ದೊಡ್ಡ ಮೃಗಾಲಯಗಳಲ್ಲಿ ಹಲವು ಜಾತಿಗಳನ್ನು ಕೂಡಿಡುವುದಿಲ್ಲವೆ ಎಂದು ಕೇಳಬಹುದು. ಅಲ್ಲಿ ವಿಶಾಲವಾದ ಆವರಣ, ಪಶುವೈದ್ಯರು, ನಿತ್ಯದ ನಿಗಾ ಮತ್ತು ಕೂಡಲೇ ಬೇರ್ಪಡಿಸಲು ಬೇರೆ ಕೋಣೆಗಳು ಇರುತ್ತವೆ. ನಮ್ಮ ಮನೆಗಳಲ್ಲಿ ಇವು ಯಾವುವೂ ಇಲ್ಲ. ‘ಆರು ತಿಂಗಳಿಂದ ಜಗಳವಾಡದೆ ಇವೆ’ ಎಂಬ ಮಾತೂ ಸಾಕ್ಷ್ಯವಾಗದು. ಹಲ್ಲಿ ತನ್ನ ಸಂಕಟವನ್ನು ಕೂಗಿ ಹೇಳುವುದಿಲ್ಲ. ಮೂಲೆ ಸೇರುತ್ತದೆ, ತೂಕ ಕಳೆದುಕೊಳ್ಳುತ್ತದೆ. ನಾವು ಅದನ್ನೇ ಶಾಂತಿಯೆಂದು ತಿಳಿಯುತ್ತೇವೆ.

ಆದುದರಿಂದ ಸಾಕಲೇಬೇಕೆನ್ನುವವರು ಒಂದು ಪೆಟ್ಟಿಗೆಗೆ ಒಂದೇ ಜಾತಿ ಎಂಬ ನಿಯಮವನ್ನು ಮೀರದಿರಲಿ. ಗಂಡುಗಳೆರಡನ್ನು ಅಲ್ಲಿಯೂ ಕೂಡಿಡದಿರಲಿ. ಕೊಳ್ಳುವ ಮೊದಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನೂ, ವಿದೇಶೀ ಪ್ರಾಣಿಗಳ ನೋಂದಣಿಗಾಗಿ 2024ರಲ್ಲಿ ಬಂದ ನಿಯಮಗಳನ್ನೂ ತಿಳಿದುಕೊಳ್ಳಲಿ.

ಹಲವು ಜಾತಿಗಳನ್ನು ಒಟ್ಟಿಗೆ ನೋಡಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗೆ ಪೆಟ್ಟಿಗೆಯೇ ಬೇಕಿಲ್ಲ. ಒಂದು ಟಿಪ್ಪಣಿ ಪುಸ್ತಕ ಹಿಡಿದು ಒಂದು ತಿಂಗಳು ಸಂಜೆ ಜಗಲಿಯಲ್ಲಿ ಕುಳಿತುಕೊಳ್ಳಲಿ. ಯಾವ ಹಲ್ಲಿ ಎಷ್ಟು ಹೊತ್ತಿಗೆ ಬಂದಿತು, ದೀಪದಿಂದ ಎಷ್ಟು ದೂರ ನಿಂತಿತು, ಯಾವುದು ಯಾವುದನ್ನು ಅಟ್ಟಿತು ಎಂಬುದನ್ನು ಬರೆದಿಡಲಿ. ಗಾಜಿನ ಪೆಟ್ಟಿಗೆ ಕಲಿಸದುದನ್ನು ಆ ಗೋಡೆ ಕಲಿಸುತ್ತದೆ; ಅಲ್ಲಿ ಸೋತ ಹಲ್ಲಿಗೂ ಹೋಗಲು ದಾರಿಯಿರುತ್ತದೆ.