ಮೊದಲು ಮಾನಿಟರ್, ಆಮೇಲೆ ಕಾರ್ಡ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. ಇಂಟೆಲ್ 8ನೇ ಜನರೇಶನ್‌ಗಿಂತ ಹಳೇ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಮನೆಯ ಡೆಸ್ಕ್‌ಟಾಪ್ ಬದಲಿಸೋ ಮಾತು ನಮ್ಮಲ್ಲೂ ಜೋರಾಗಿದೆ. ಎಲ್ಲರೂ ಗ್ರಾಫಿಕ್ಸ್ ಕಾರ್ಡ್‌ನಿಂದಲೇ ಶುರು ಮಾಡ್ತಾರೆ. ನನ್ನ ಪ್ರಕಾರ ಮಾನಿಟರ್‌ನಿಂದ ಶುರು ಮಾಡಬೇಕು.

ಲೆಕ್ಕ ನೋಡ್ರಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ. ಅಂದ್ರೆ ಗೇಮ್‌ನ ಪ್ರತಿ ಫ್ರೇಮ್‌ಗೂ ಮುಕ್ಕಾಲು ಪಾಲು ಹೆಚ್ಚು ಪಿಕ್ಸೆಲ್. ಅದಕ್ಕೆ ತಕ್ಕ ಕಾರ್ಡ್ ದುಬಾರಿ. ನಮಗೆ 24 ಇಂಚಿನ 1080ಪಿ ಐಪಿಎಸ್ ಸಾಕು. ಹಳೇ ಮಾನಿಟರ್ ಮಾರಬೇಡ್ರಿ: ಒಂದರಲ್ಲಿ ಕೋಡ್, ಇನ್ನೊಂದರಲ್ಲಿ ನೋಟ್ಸ್.

ಉಳಿದ ದುಡ್ಡಲ್ಲಿ ಒಳ್ಳೆ ಯುಪಿಎಸ್ ತಗೋರಿ. ಭಾಲ್ಕಿ, ಔರಾದ್ ಕಡೆಯವರಿಗೆ ಕರೆಂಟ್ ಬಗ್ಗೆ ಹೇಳಬೇಕಾಗಿಲ್ಲ. 600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ದೊಡ್ಡ ಕಾರ್ಡ್ ಹಾಕಿದ ಸಿಸ್ಟಮ್ ಗೇಮ್ ನಡುವೆ ಅದನ್ನ ದಾಟಿದ್ರೆ, ಕರೆಂಟ್ ಹೋದ ಕ್ಷಣ ಯುಪಿಎಸ್ ಇದ್ದೂ ಆಫ್.

ಹೈದರಾಬಾದ್‌ನಲ್ಲಿ ಅಗ್ಗ ಅಂತ ಓಡೋ ಮುಂಚೆ ಬೀದರ್ ಅಂಗಡಿಯ ರೇಟೂ ಕೇಳ್ರಿ. ವಾರಂಟಿಗೆ ಮಾನಿಟರ್ ಹೊತ್ತುಕೊಂಡು ಅಷ್ಟು ದೂರ ಹೋಗೋ ಖರ್ಚೂ ಲೆಕ್ಕಕ್ಕೆ ಬರಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ದುಡ್ಡು ಸೋಯಾ, ತೊಗರಿ ಮಾರಿ ಬಂದಿರುತ್ತೆ. ಅದು ಎಫ್‌ಪಿಎಸ್ ತೋರಿಸೋಕೆ ಅಲ್ಲ, ನಾಲ್ಕು ವರ್ಷ ಓದೋಕೆ.