ಶಿಲುಬೆ ಯಾರದು?

ಶ್ರೀಮಂತರ ಕೊರಳಲ್ಲಿ ಹೊಳೆಯುವ ಚಿನ್ನದ ಶಿಲುಬೆಯನ್ನು ನಾವೆಲ್ಲ ಕಂಡಿದ್ದೇವೆ. ಅದು ಮೊದಲು ಏನಾಗಿತ್ತೆಂಬುದನ್ನು ನೆನೆಯುವವರು ಕಡಿಮೆ. ನಮ್ಮ ಅರಸರಿಗೆ ಶೂಲವಿದ್ದಂತೆ ರೋಮಿನ ಪ್ರಭುಗಳಿಗೆ ಶಿಲುಬೆ: ಗುಲಾಮರನ್ನೂ ದಂಗೆಕೋರರನ್ನೂ ಕೊಲ್ಲುವ ಮರ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ಬಂಡಾಯ ಮುರಿದಾಗ, ಸೆರೆಸಿಕ್ಕ 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗೆ ಹಾದಿಯುದ್ದಕ್ಕೂ ಶಿಲುಬೆಗೇರಿಸಿದರು.

ಸುಮಾರು ನೂರು ವರ್ಷಗಳ ಬಳಿಕ ಬಡಗಿ ಯೇಸುವಿಗೂ ರೋಮಿನ ಅಧಿಕಾರಿ ಪಿಲಾತನು ಅದೇ ಸಾವನ್ನು ವಿಧಿಸಿದ. ಮನುಷ್ಯರ ಪಾಪದ ಹೊರೆ ಹೊತ್ತು ದೇವಕುಮಾರನು ಅಲ್ಲಿ ಪ್ರಾಣಕೊಟ್ಟ, ಮೂರನೆಯ ದಿನ ಎದ್ದುಬಂದ ಎಂಬುದು ಕ್ರೈಸ್ತರ ನಂಬಿಕೆ. ನಂಬುವುದು ಬಿಡುವುದು ಅವರವರ ಮನಸ್ಸು. ಆದರೆ ಆ ದೇವರು ಸಾಯಲು ಆರಿಸಿಕೊಂಡದ್ದು ಗುಲಾಮನ ಮರವನ್ನು. ಶಿಲುಬೆಗೆ ಕೈಮುಗಿದು ಕೂಲಿಯವನನ್ನು ತುಳಿಯುವವನು ಪಿಲಾತನ ಕಡೆಯವನೇ ಹೊರತು ಯೇಸುವಿನ ಕಡೆಯವನಲ್ಲ ಎನ್ನುತ್ತೇವೆ ನಾವು.